ಮುನ್ನೂರ ನಲವತ್ತು ಪರದೆ, ಒಂದು ‘ಇದ್ದೀರಾ?’

ಹೂವಿನ ಹರಾಜು ಮಳಿಗೆಯಲ್ಲಿ ಅವನಿಗೆ ‘ಇದ್ದೀರಾ’ ಎಂದು ಹೆಸರಿಟ್ಟವರು ಯಾರು ಎನ್ನುವುದು ಯಾರಿಗೂ ಗೊತ್ತಿಲ್ಲ. ಆ ಹೆಸರಿನ ಹಿಂದಿರುವ ಪರಾಕ್ರಮಗಳಿಗೆ ಮಾತ್ರ ಸಾಕ್ಷಿಗಳ ಬರವಿಲ್ಲ. ಫೋನಿನಲ್ಲಿ ಎರಡು ಮಾತು ಆಡಿದನೆಂದರೆ ಮೂರನೆಯದು ‘ಇದ್ದೀರಾ?’ ಎಂಬ ಪ್ರಶ್ನೆಯೇ. ಒಮ್ಮೆ ಮಳಿಗೆಯ ಲಿಫ್ಟು ಎರಡು ಮಹಡಿಗಳ ನಡುವೆ ನಿಂತು ಹನ್ನೊಂದು ಜನ ಒಳಗೆ ಸಿಕ್ಕಿಕೊಂಡಾಗ, ಹೊರಗಿನಿಂದ ಫೋನ್ ಮಾಡಿ ಧೈರ್ಯ ಹೇಳುವ ಹೊಣೆ ಇವನ ಪಾಲಿಗೆ ಬಂತು. ಅರ್ಧ ಗಂಟೆಯಲ್ಲಿ ನಲವತ್ತು ಸಲ ‘ಇದ್ದೀರಾ?’ ಎಂದು ಕೇಳಿದ. ಮೂವತ್ತನೆಯ ಸಲಕ್ಕೆ ಒಳಗಿದ್ದ ದಪ್ಪ ವ್ಯಾಪಾರಿಯೊಬ್ಬ, ತಾವು ಇನ್ನು ಹೆಚ್ಚು ಹೊತ್ತು ಇರುವುದಿಲ್ಲವೆಂಬ ಗುಟ್ಟು ಹೊರಗಿನವರಿಗೆ ತಿಳಿದುಬಿಟ್ಟಿದೆ ಎಂದುಕೊಂಡು ಗೊಳೋ ಎಂದು ಅಳತೊಡಗಿದನಂತೆ. ಹಲ್ಲಿನ ಡಾಕ್ಟರು ಇವನ ಅರ್ಧ ಬಾಯಿ ಮರಗಟ್ಟಿಸಿ, ಇಕ್ಕಳ ತರಲು ಪಕ್ಕದ ಕೋಣೆಗೆ ಹೋಗಿದ್ದಾಗ ಕುರ್ಚಿಯಿಂದ ‘ಇಲ್ಲೀಲಾ?’ ಎಂಬ ಆರ್ತನಾದ ಕೇಳಿ ಬರಿಗೈಯಲ್ಲೇ ವಾಪಸು ಓಡಿ ಬಂದರಂತೆ. ಮದುವೆಗೆ ಮೊದಲು ಹೆಣ್ಣಿಗೆ ಮಾಡಿದ ಮೊಟ್ಟಮೊದಲ ಫೋನಿನಲ್ಲಿ ಹತ್ತೊಂಬತ್ತು ಸಲ ಕೇಳಿದ್ದಾನೆ. ಎಣಿಸಿದ್ದು ಹೆಂಡತಿಯೇ. “ಪಾಪ, ಹಿಂದೆ ಯಾರೋ ಇವರನ್ನ ಕೈಬಿಟ್ಟು ಹೋಗಿರ್ಬೇಕು ಅನ್ಕೊಂಡು ಒಪ್ಪಿದೆ” ಎಂದು ಅವಳು ಇಪ್ಪತ್ತಾರು ವರ್ಷಗಳಿಂದ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಾಳೆ.

ಮಳಿಗೆಯ ತಕ್ಕಡಿಯವನು ಗಾಡಿಗಟ್ಟಲೆ ಹೂವು ತೂಗುವವನು, ಮಾತನ್ನು ಮಾತ್ರ ತೂಗದವನು. ಅವನ ಪ್ರಕಾರ ಇದು ವೇದಾಂತ. “ನಾವೆಲ್ಲ ಇದ್ದೀವಿ ಅನ್ಕೊಂಡು ಬದುಕ್ತಿದ್ದೀವಿ. ಅವನೊಬ್ಬನೇ ಅನುಮಾನ ಪಡ್ತಾನೆ ನೋಡಿ” ಎಂದು ಹೊಸಬರಿಗೆ ಕೈಮುಗಿದು ತೋರಿಸುತ್ತಿದ್ದ.

ಅನುಮಾನ ಪಡುವ ಈ ಮಹಾತ್ಮನ ವಯಸ್ಸು ಐವತ್ತಮೂರು. ಕೆಲಸ, ಮಳಿಗೆಯ ಕಂಪ್ಯೂಟರು, ತಂತಿ, ಪರದೆಗಳನ್ನೆಲ್ಲ ಒಂದಕ್ಕೊಂದು ಮಾತಾಡಿಸುವುದು. ಅವು ಮಾತಾಡುವಾಗ ಇವನೊಬ್ಬ ಇದ್ದಾನೆಂದು ಯಾರಿಗೂ ನೆನಪಾಗುವುದಿಲ್ಲ. ಮೂಕವಾದಾಗ ಎಲ್ಲರಿಗೂ ಒಟ್ಟಿಗೆ ನೆನಪಾಗುತ್ತದೆ. ಇಪ್ಪತ್ತೆರಡು ವರ್ಷ ಏಣಿ ಹತ್ತಿ ಇಳಿದು ಮಂಡಿಗಳೆರಡೂ ಸವೆದಿದ್ದವು. ಬೆಳಗಿನ ನಾಲ್ಕೂವರೆಗೆ ಎದ್ದು ಬರುವ ಕೆಲಸ. ಕಣ್ಣ ಕೆಳಗಿನ ಚೀಲಗಳು ಈಗ ಮುಖದ ಖಾಯಂ ಸದಸ್ಯರು. ‘ಹೇಗಿದ್ದೀಯ’ ಎಂದು ಕೇಳಿದವರಿಗೆ ‘ಸುಸ್ತು’ ಎನ್ನುತ್ತಿದ್ದ. ಕೇಳದವರಿಗೂ ಅದನ್ನೇ ಹೇಳುತ್ತಿದ್ದ.

ಆ ಮಳಿಗೆಯ ಹರಾಜು ತಲೆಕೆಳಗು. ಬೆಲೆ ಕೆಳಗಿನಿಂದ ಏರುವುದಿಲ್ಲ, ಮೇಲಿನಿಂದ ಇಳಿಯುತ್ತದೆ. ಹೂವಿನ ಗಾಡಿ ಮುಂದೆ ಬಂದು ನಿಂತೊಡನೆ ದೊಡ್ಡ ಗಡಿಯಾರವೊಂದರ ಮುಳ್ಳು ಸರಸರನೆ ಇಳಿಯತೊಡಗುತ್ತದೆ. ಯಾರು ಮೊದಲು ಗುಂಡಿ ಒತ್ತುತ್ತಾರೋ ಗಾಡಿ ಅವರದು. ಬೇಗ ಒತ್ತಿದರೆ ದುಬಾರಿ, ತಡೆದರೆ ಪರರ ಪಾಲು. ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಗುಲಾಬಿ ಕೈತಪ್ಪಿ ಹೋಗಿರುತ್ತದೆ. ಗಡಿಯಾರ ಗೋಡೆಯ ಮೇಲಿದ್ದಷ್ಟು ಕಾಲ ಜಗಳವಿರಲಿಲ್ಲ, ಎಲ್ಲರಿಗೂ ಒಂದೇ ಗಡಿಯಾರ. ಹೋದ ವರ್ಷ ಅದನ್ನು ಇಳಿಸಿ, ಮೆಟ್ಟಿಲು ಮೆಟ್ಟಿಲಾಗಿ ಏರುವ ಹನ್ನೆರಡು ಸಾಲುಗಳಲ್ಲಿ ಮುನ್ನೂರ ನಲವತ್ತು ಸೀಟಿಗೂ ಒಂದೊಂದು ಪುಟ್ಟ ಪರದೆ ಹಾಕಿದರು. ಹೂವಿನ ಚಿತ್ರ, ಪಕ್ಕದಲ್ಲಿ ಇಳಿಯುವ ಮುಳ್ಳು. ನೋಡಲು ಸೊಗಸು.

ಸೊಗಸಿನ ಹೊಟ್ಟೆಯೊಳಗೊಂದು ಹುಳುಕಿತ್ತು. ಪರದೆ ಮಾರಿದವರ ಏರ್ಪಾಟಿನಲ್ಲಿ, ಮುಖ್ಯ ಕಂಪ್ಯೂಟರು ಮುಳ್ಳಿನ ಒಂದೊಂದು ಚಿತ್ರವನ್ನೂ ಮುನ್ನೂರ ನಲವತ್ತು ಪ್ರತಿ ಮಾಡಿ ಒಂದೊಂದು ಸೀಟಿಗೂ ಹೆಸರು ಹಿಡಿದು ಕಳಿಸುತ್ತಿತ್ತು. ಅಷ್ಟೂ ಪ್ರತಿ ಹೋಗಬೇಕಾದದ್ದು ಒಂದೇ ತಂತಿಯಲ್ಲಿ, ಸರದಿಯಲ್ಲಿ. ಒಂದನೇ ಸೀಟಿಗೆ ಮೊದಲು, ಮುನ್ನೂರ ನಲವತ್ತನೆಯದಕ್ಕೆ ಕೊನೆಗೆ. ನಡುವಿನ ಅಂತರ ಅರ್ಧ ಸೆಕೆಂಡಿಗೆ ಸ್ವಲ್ಪ ಕಮ್ಮಿ. ಅರ್ಧ ಸೆಕೆಂಡಿನಲ್ಲಿ ಮನುಷ್ಯ ಸೀನಲೂ ಆರ. ಆದರೆ ಮೊದಲ ಸಾಲಿನವನು ಅಷ್ಟರಲ್ಲಿ ಒಂದು ಗಾಡಿ ಗುಲಾಬಿ ಹೊಡೆದುಕೊಂಡಿರುತ್ತಿದ್ದ.

ಮುನ್ನೂರ ಮೂವತ್ತೆಂಟನೇ ಸೀಟಿನಲ್ಲಿ ಕೂರುತ್ತಿದ್ದವಳು ಇದ್ದೀರಾನ ಒಡಹುಟ್ಟಿದ ತಂಗಿ.

ಅವಳದು ಆಸ್ಪತ್ರೆಯ ಗೇಟಿನ ಎದುರು ಹೂಗುಚ್ಛದ ಅಂಗಡಿ. ಹದಿನಾಲ್ಕು ವರ್ಷಗಳಿಂದ ಅದೇ ಸೀಟು, ಅದೇ ದಿಂಬು. ಪರದೆ ಬಂದಾಗಿನಿಂದ ಅವಳು ಗುಂಡಿ ಒತ್ತಿದಾಗಲೆಲ್ಲ ‘ಮಾರಾಟವಾಗಿದೆ’ ಎಂಬ ಅಕ್ಷರ ಮೂಡುತ್ತಿತ್ತು. ಬೆಳಗಿನ ಕೊನೆಗೆ ಉಳಿದ ತೊಟ್ಟು ಮುರಿದ ಹೂವು, ಅರ್ಧ ಬಾಡಿದ ಎಲೆ, ಇವನ್ನೇ ಹೊತ್ತುಕೊಂಡು ಹೋಗುತ್ತಿದ್ದಳು. ಕೈ ನಿಧಾನವಾಯಿತೇನೋ ಎಂದು ಮೊದಲು ತನ್ನನ್ನೇ ಬೈದುಕೊಂಡಳು. ಆಮೇಲೊಂದು ದಿನ ತಕ್ಕಡಿಯವನು ಉಪ್ಪುಖಾರ ಹಚ್ಚಿ ವಿಷಯ ತಿಳಿಸಿದ.

“ನಿಮ್ಮ ಕೈದೇನೂ ತಪ್ಪಿಲ್ಲಮ್ಮ. ಅಲ್ಲಿ ಒಂದು ಪಟ್ಟಿ ಇದೆ. ಅದರಲ್ಲಿ ನೀವು ಬಾಲ.”

“ಪಟ್ಟಿ ಮಾಡಿದ್ದು ಯಾರು?”

“ಇನ್ಯಾರು? ನಿಮ್ಮಣ್ಣ.”

ಅವತ್ತಿನಿಂದ ತಂಗಿ ಅಣ್ಣನೊಡನೆ ಮಾತು ಬಿಟ್ಟಳು. ಮೆಟ್ಟಿಲಲ್ಲಿ ಎದುರಾದರೆ ಬುಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದು ಹೋಗುತ್ತಿದ್ದಳು.

ಅವನು ಸುಮ್ಮನೆ ಕೂರಲಿಲ್ಲ. ಒಂದು ಸೋಮವಾರ ಯಾರಿಗೂ ಹೇಳದೆ ಪಟ್ಟಿಯನ್ನು ತಲೆಕೆಳಗು ಮಾಡಿಟ್ಟ. ಎರಡು ದಿನ ತಂಗಿಯ ಬುಟ್ಟಿ ತುಂಬಿತು. ಮೂರನೆಯ ದಿನ ಒಂದನೇ ಸೀಟಿನ ದೊಡ್ಡ ವ್ಯಾಪಾರಿ ಮ್ಯಾನೇಜರ ಮೇಜು ಗುದ್ದಿದ. ಮಧ್ಯಾಹ್ನದೊಳಗೆ ಪಟ್ಟಿ ಮತ್ತೆ ಮೊದಲಿನಂತಾಯಿತು. ಪಟ್ಟಿಯನ್ನು ಹೇಗೆ ತಿರುಗಿಸಿದರೂ ಬಾಲದಲ್ಲಿ ಒಬ್ಬರು ಇದ್ದೇ ಇರುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಬಾಲವೇ ಇಲ್ಲದ ದಾರಿಯೂ ಗೊತ್ತಿತ್ತು. ಅದನ್ನು ಮ್ಯಾನೇಜರಿಗೆ ತಿಳಿಸಿ ಹೇಳುವಷ್ಟು ತ್ರಾಣ ಮಾತ್ರ ಇರಲಿಲ್ಲ. ಆದರೂ ಹೋದ.

“ಸಾರ್, ಕಳಿಸೋದ್ರಲ್ಲಿ ಮೂರು ಥರ. ಈಗ ಇರೋದು ಯೂನಿಕಾಸ್ಟ್. ಮನೆಮನೆಗೆ ಹೋಗಿ ಬಾಗಿಲು ತಟ್ಟಿ ಒಬ್ಬೊಬ್ಬರಿಗೇ ಹೇಳೋದು. ಎರಡನೇದು ಬ್ರಾಡ್‌ಕಾಸ್ಟ್, ಬೀದೀಲಿ ನಿಂತು ಮೈಕಲ್ಲಿ ಕೂಗೋದು. ಬೇಕಾದವರಿಗೂ ಕೇಳ್ಸುತ್ತೆ, ಬೇಡದವರಿಗೂ ಕೇಳ್ಸುತ್ತೆ. ಮೂರನೇದು ಮಲ್ಟಿಕಾಸ್ಟ್. ಬೇಕಾದವರು ಮೊದಲೇ ‘ನಂಗೂ ಬೇಕು’ ಅಂತ ಹೇಳಿರ್ತಾರೆ. ನಾವು ಒಂದೇ ಪ್ರತಿ ಕಳಿಸ್ತೀವಿ. ದಾರಿ ಎಲ್ಲಿ ಕವಲು ಒಡೆಯುತ್ತೋ ಅಲ್ಲಿರೋ ಪೆಟ್ಟಿಗೇನೇ ಪ್ರತಿ ಮಾಡ್ಕೊಂಡು, ಕೇಳಿದವರ ಕಡೆಗೆ ಮಾತ್ರ ಬಿಡುತ್ತೆ. ಒಂದನೇ ಸೀಟಿಗೂ ಮುನ್ನೂರ ನಲವತ್ತಕ್ಕೂ ಒಂದೇ ಹೊತ್ತಿಗೆ.”

ಮ್ಯಾನೇಜರು ಗಂಭೀರವಾಗಿ ತಲೆಯಾಡಿಸಿದರು. “ಮೂರರಲ್ಲಿ ಯಾವುದರ ಕಾಸ್ಟು ಕಮ್ಮಿ?”

“ಆ ಕಾಸ್ಟ್ ಅಲ್ಲ ಸಾರ್ ಇದು.”

“ಇರ್ಲಿ ಬಿಡ್ರಿ. ನಂಗೆ ಎರಡನೇದು ಹಿಡಿಸ್ತು. ಎಲ್ಲರಿಗೂ ಕೇಳ್ಸೋದು. ಭೇದಭಾವ ಇಲ್ಲ. ಮಂಗಳವಾರದಿಂದ ಅದನ್ನೇ ಮಾಡಿ.”

“ಸಾರ್, ಅದ್ರಲ್ಲಿ ಬೇಡದವರಿಗೂ...”

“ಕೇಳ್ಸಿಕೊಳ್ಲಿ ಬಿಡ್ರಿ! ಕೇಳ್ಸಿಕೊಂಡ್ರೆ ಏನು ಸವೆದು ಹೋಗ್ತಾರಾ?”

ಸವೆದು ಹೋದರು. ಮಂಗಳವಾರ ಬೆಳಿಗ್ಗೆ ಆರಕ್ಕೆ ಗಡಿಯಾರದ ಮುಳ್ಳು ಇಳಿಯತೊಡಗಿದ್ದೇ ತಡ, ಮಳಿಗೆಯ ತಂತಿಗೆ ಜೋತುಬಿದ್ದಿದ್ದ ಸಕಲ ಚರಾಚರ ಯಂತ್ರಗಳ ಕಿವಿಗೂ ಅದು ಅಪ್ಪಳಿಸಿತು. ಮುನ್ನೂರ ನಲವತ್ತು ಪರದೆಗಳೇನೋ ಒಟ್ಟಿಗೇ ಬೆಳಗಿದವು. ಆದರೆ ಗುಲಾಬಿಯ ಬೆಲೆಯನ್ನು ಕಟ್ಟಿಕೊಂಡು ತಕ್ಕಡಿಗೇನಾಗಬೇಕು? ಪ್ರತಿಯೊಂದು ಚಿತ್ರವನ್ನೂ ಕೈಯಲ್ಲಿ ಹಿಡಿದು, ‘ಇದು ನನಗಲ್ಲ’ ಎಂದು ತೀರ್ಮಾನಿಸಿ ಎಸೆಯುವುದರಲ್ಲೇ ಅದರ ಪುಟ್ಟ ಮಿದುಳು ಬಳಲಿ, ಒಂದು ಗಾಡಿ ತೂಗಲು ಹತ್ತು ನಿಮಿಷ ತೆಗೆದುಕೊಂಡಿತು. ತಣ್ಣನೆ ಕೋಣೆಯ ಉಷ್ಣಮಾಪಕ ಉಸಿರು ಬಿಡಲಾಗದೆ ಬೆಂಕಿ ಬಿದ್ದಿತೆಂದು ಕಿರುಚಿಕೊಂಡಿತು. ಗೇಟಿನ ಹಾಜರಿ ಯಂತ್ರ ಯಾರ ಹೆಬ್ಬೆಟ್ಟನ್ನೂ ಗುರುತಿಸಲೊಲ್ಲದೆ, ತೊಂಬತ್ತು ಜನ ಹೆಬ್ಬೆಟ್ಟು ಮುಂದೆ ಚಾಚಿಕೊಂಡು ರಸ್ತೆಯವರೆಗೆ ಸಾಲು ನಿಂತರು. ಮ್ಯಾನೇಜರು ಸ್ವತಃ ತಮ್ಮ ಹೆಬ್ಬೆಟ್ಟನ್ನು ಐದು ಸಲ ಒರೆಸಿ ಒತ್ತಿ, ಐದು ಸಲವೂ ಅಪರಿಚಿತರೆನಿಸಿಕೊಂಡರು.

“ನಿಮ್ಮ ಮೂರನೇದನ್ನೇ ಮಾಡಿ ಮಾರಾಯ್ರೇ” ಎಂದರು ಹನ್ನೊಂದು ಗಂಟೆಗೆ.

ಬುಧವಾರವಿಡೀ ಅವನು ಮೂರನೆಯದನ್ನು ಕಟ್ಟಿದ. ಸಾಲಿಗೊಂದರಂತೆ ತಂತಿ ಕವಲೊಡೆಯುವ ಹನ್ನೆರಡು ಸ್ವಿಚ್ಚು ಪೆಟ್ಟಿಗೆಗಳಿಗೆ, ಯಾವ ಪರದೆ ‘ಬೇಕು’ ಎಂದಿದೆ ಎಂದು ಬರೆದಿಟ್ಟುಕೊಂಡು ಅತ್ತ ಮಾತ್ರ ಚಿತ್ರ ಬಿಡುವಂತೆ ಕಲಿಸಿದ. ಗುಂಡಿ ಒತ್ತಿ ಗೆದ್ದವರಿಗೆ ಹೋಗುವ ಚೀಟಿಯನ್ನು ಹಳೆಯ ಪದ್ಧತಿಯಲ್ಲೇ ಉಳಿಸಿಕೊಂಡ; ಅದು ಒಬ್ಬರಿಗೆ ಹೇಳುವ ಮಾತು, ತಲುಪಿತೆಂದು ಅವರಿಂದ ಉತ್ತರವೂ ಬರಬೇಕು. ಮುಳ್ಳಿಗೆ ಉತ್ತರ ಬೇಡ. ಒಂದು ಚಿತ್ರ ತಪ್ಪಿದರೆ ತಪ್ಪಿತು, ಅದರ ಬೆನ್ನಿಗೇ ಇನ್ನೊಂದು ಬರುತ್ತದೆ. ಮನೆಗೆ ಹೋಗಿ ಶೂ ಬಿಚ್ಚದೆ ಕುರ್ಚಿಯಲ್ಲೇ ನಿದ್ದೆ ಹೋದ. ಹೆಂಡತಿ ಶೂ ಕಳಚಿದ್ದು ಅವನಿಗೆ ತಿಳಿಯಲಿಲ್ಲ.

ಗುರುವಾರ ಹರಾಜು ಶುರುವಾಯಿತು. ಮುನ್ನೂರ ನಲವತ್ತು ಮುಳ್ಳುಗಳು ಒಂದೇ ಮುಳ್ಳಿನ ಹಾಗೆ ಇಳಿದವು. ಕೊನೆಯ ಸಾಲಿನವಳೊಬ್ಬಳು ಮೂರನೇ ಗಾಡಿ ಗೆದ್ದಳು. ಇದ್ದೀರಾನ ಮುಖದ ಮೇಲೆ, ಕಣ್ಚೀಲಗಳ ಕೆಳಗೆ ಎಲ್ಲೋ, ನಗೆಯೊಂದು ಏಳುವ ಹಂತದಲ್ಲಿತ್ತು.

ನಾಲ್ಕು ನಿಮಿಷ ಇಪ್ಪತ್ತನೇ ಸೆಕೆಂಡಿಗೆ ಅಷ್ಟೂ ಪರದೆಗಳು ಕಪ್ಪಾದವು.

ಪರದೆಗಳನ್ನು ಆರಿಸಿ ಹಾಕಿದ. ಬಂದವು. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು, ಮತ್ತೆ ಕಪ್ಪು. ಶುಕ್ರವಾರ ತಂತಿ ಬದಲಿಸಿ ನೋಡಿದ, ಕಪ್ಪು. ಮುಳ್ಳು ಹೊರಡುತ್ತಿತ್ತು, ಮುಖ್ಯ ಕಂಪ್ಯೂಟರು ಲೋಕದ ಪರಿವೆಯಿಲ್ಲದೆ ಕಳಿಸುತ್ತಲೇ ಇತ್ತು. ಯಾರಿಗೆ ತಲುಪಿತು ಯಾರಿಗಿಲ್ಲ ಎಂದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಹನ್ನೆರಡು ಸಾಲು ಹತ್ತಿಳಿದು ಒಂದೊಂದು ಪರದೆಯ ಮುಖ ನೋಡಿ ಬರಬೇಕಾದವನು ಇವನೇ. ಶುಕ್ರವಾರದ ಹೊತ್ತಿಗೆ ಮಂಡಿಗಳು ಇವನೊಡನೆ ಮಾತು ಬಿಟ್ಟಿದ್ದವು.

“ನಾಳೆ ಒಂದು ದಿನ ನೋಡ್ತೀನಿ” ಎಂದರು ಮ್ಯಾನೇಜರು. “ನಾಳೆಯೂ ಹೀಗಾದ್ರೆ ನಿಮ್ಮ ಹಳೇ ಪಟ್ಟೀನೇ ವಾಪಸ್. ತಿರುಗಿ ಅದನ್ನ ಮುಟ್ಟೋ ಹಾಗಿಲ್ಲ.”

ಕೆಳಗೆ ತಕ್ಕಡಿಯ ಬಳಿ ತಂಗಿ, ಅಣ್ಣನಿಗೆ ಕೇಳಲೆಂದೇ ಗಟ್ಟಿಯಾಗಿ, ತಕ್ಕಡಿಯವನಿಗೆ ಹೇಳಿದಳು. “ನಾಳೆ ಹಳೇ ಪಟ್ಟಿ ಬಂದ್ರೆ ನಾನು ಸೀಟು ಬಿಟ್ಟುಕೊಡ್ತೀನಪ್ಪ. ಅಂಗಡೀನೂ ಮುಚ್ತೀನಿ. ಬಾಡಿದ ಹೂವನ್ನ ಆಸ್ಪತ್ರೆ ಮುಂದೆ ಇಟ್ಕೊಂಡು ಕೂತ್ರೆ ಕಾಯಿಲೆಯವರಿಗೆ ಏನನ್ಸುತ್ತೆ?”

ತಕ್ಕಡಿಯವನು ಖಾಲಿ ತಕ್ಕಡಿಯನ್ನೇ ಒರೆಸತೊಡಗಿದ.

ಮಧ್ಯಾಹ್ನ ಮಳಿಗೆ ಖಾಲಿಯಾಗಿತ್ತು. ನೆಲದ ಮೇಲಿನ ಎಸಳುಗಳನ್ನು ಗುಡಿಸಿ ರಾಶಿ ಹಾಕಿದ್ದರು. ಇದ್ದೀರಾ ತನ್ನ ಯಂತ್ರಗಳ ಕೋಣೆಯಲ್ಲಿ ಕೂತು ಊಟದ ಡಬ್ಬಿ ಬಿಚ್ಚಿದ. ಮೇಜಿಗೆಂದು ಅವನು ಬಳಸುತ್ತಿದ್ದದ್ದು ಒಂದು ಹಳೆಯ ಕಬ್ಬಿಣದ ಪೆಟ್ಟಿಗೆ. ಹಿಂದೆ ಮಳಿಗೆಯ ಧ್ವನಿವರ್ಧಕಗಳು ಇದೇ ತಂತಿಯ ಮೇಲೆ ಮಾತಾಡುತ್ತಿದ್ದ ಕಾಲದಲ್ಲಿ ಇವನಿಗಿಂತ ಮೊದಲಿದ್ದವನು ಕೂರಿಸಿದ್ದ ರೂಟರು ಅದು. ಧ್ವನಿವರ್ಧಕಗಳು ಹೋದ ಮೇಲೆ ಅದು ಮಾಡುವ ಕೆಲಸವೇನೂ ಇವನ ಕಣ್ಣಿಗೆ ಬೀಳಲಿಲ್ಲ. ‘ದಂಡಕ್ಕೆ ಕೂತಿದೆ’ ಎಂದು ಹೋದ ವರ್ಷ ಕಿತ್ತು ಕೆಳಗಿಟ್ಟಿದ್ದ. ಊಟಕ್ಕೆ ಎತ್ತರ ಸರಿಯಾಗಿತ್ತು.

ಹೆಂಡತಿಯ ಫೋನು ಬಂತು. “ಅವಳಿಗೆ ಫೋನ್ ಮಾಡಿದ್ರಾ?”

“ಮಾಡಿದ್ರೆ ಮಾತಾಡಲ್ಲ ಅವಳು.”

“ಮಾಡಿದ್ರಾ ಅಂತ ಕೇಳಿದ್ದು ನಾನು. ಮಾತಾಡ್ತಾಳಾ ಅಂತ ಅಲ್ಲ.” ಕಟ್ಟಾಯಿತು. ಇವನಿಗೆ ‘ಇದ್ದೀಯಾ?’ ಎನ್ನಲೂ ಎಡೆ ಸಿಗಲಿಲ್ಲ.

ತಂಗಿಗೆ ಮಾಡಿದ. ಎತ್ತಿದಳು. ಅತ್ತ ಬರೀ ಮೌನ, ಹಿಂದೆ ರಸ್ತೆಯ ಸದ್ದು. ಪಟ್ಟಿಯ ವಿಷಯ ಹೇಳಿದ, ಮ್ಯಾನೇಜರ ವಿಷಯ ಹೇಳಿದ, ಪರದೆಗಳು ಯಾಕೆ ಕಪ್ಪಾಗುತ್ತವೋ ತನಗೆ ತಿಳಿಯುತ್ತಿಲ್ಲ ಎಂದೂ ಒಪ್ಪಿಕೊಂಡ. ಕೊನೆಗೆ ರೂಢಿಯಂತೆ ಕೇಳಿದ.

“ಇದ್ದೀಯಾ?”

“ಇದ್ದೀನಿ” ಎಂದಳು ತಂಗಿ. ಒಂದು ಗಳಿಗೆ ಬಿಟ್ಟು ಕಟ್ಟೆಯೊಡೆಯಿತು. “ಮೂರು ತಿಂಗಳಾಯ್ತು. ಊರೋರಿಗೆಲ್ಲ ಇದ್ದೀರಾ, ಇದ್ದೀರಾ ಅಂತೀಯಲ್ಲ, ನನ್ನನ್ನ ಒಂದ್ಸಲ ಕೇಳಿದ್ಯಾ? ಪಟ್ಟೀಲಿ ಕೊನೇಗೆ ಹಾಕಿದ್ದಕ್ಕಲ್ಲ ಕಣೋ ಸಿಟ್ಟು. ಸೀಟು ಇರೋದೇ ಕೊನೇಲಿ, ನಂಗೊತ್ತು. ಬುಟ್ಟಿ ಅಡ್ಡ ಹಿಡ್ಕೊಂಡು ಹೋದೆ, ನೀನು ಬುಟ್ಟಿ ಸರಿಸಿ ನೋಡ್ಲಿಲ್ಲ. ಯಾರೂ ಕೇಳ್ದೇ ಇದ್ರೆ ನಾನಾಗಿ ಬಂದು ಇದ್ದೀನಿ ಇದ್ದೀನಿ ಅಂತ ಕೂಗ್ಲಾ? ಕೇಳೋರಿಲ್ಲ ಅಂದ್ರೆ ಇಲ್ಲ ಅಂತಾನೇ ಅರ್ಥ.”

ಇದ್ದೀರಾನ ಕೈಯಲ್ಲಿದ್ದ ತುತ್ತು ಕೈಯಲ್ಲೇ ನಿಂತಿತು.

ಕೇಳುವವರಿಲ್ಲ. ಪರದೆ ಹೊತ್ತಿಕೊಂಡಾಗ ‘ಬೇಕು’ ಎಂದು ಒಮ್ಮೆ ಹೇಳುತ್ತದೆ. ಸ್ವಿಚ್ಚು ಅದನ್ನು ಬರೆದಿಟ್ಟುಕೊಂಡು ನಾಲ್ಕು ನಿಮಿಷ ಚಿಲ್ಲರೆ ನೆನಪಿಡುತ್ತದೆ. ಅಷ್ಟರೊಳಗೆ ಯಾರಾದರೂ ಸಾಲು ಸಾಲಿಗೂ ಹೋಗಿ ‘ಇನ್ನೂ ಇದ್ದೀರಾ?’ ಎಂದು ಕೇಳಬೇಕು. ಕೇಳಿದರೆ ಪರದೆ ‘ಇದ್ದೀನಿ’ ಎನ್ನುತ್ತದೆ, ನೆನಪು ಹೊಸದಾಗುತ್ತದೆ. ಕೇಳದಿದ್ದರೆ ಪರದೆಯೂ ಸುಮ್ಮನೆ, ಸ್ವಿಚ್ಚೂ ‘ಯಾರಿಗೂ ಬೇಡವಾಯಿತೇನೋ’ ಎಂದು ಬಾಗಿಲು ಹಾಕಿಕೊಳ್ಳುತ್ತದೆ. ಆ ಮಳಿಗೆಯಲ್ಲಿ ಎರಡೆರಡು ನಿಮಿಷಕ್ಕೊಮ್ಮೆ ಹಾಗೆ ಕೇಳುವ ಕೆಲಸ ಮಾಡುತ್ತಿದ್ದದ್ದು ಒಂದೇ ಒಂದು ಪೆಟ್ಟಿಗೆ. ವರ್ಷಗಟ್ಟಲೆ ಬೇರೇನೂ ಮಾಡದೆ ಅದೊಂದನ್ನೇ ಕೇಳುತ್ತಾ ಕೂತಿದ್ದ ಪೆಟ್ಟಿಗೆ.

ಅದರ ಮೇಲೆ ಈಗ ಅವನ ಊಟದ ಡಬ್ಬಿ ಇತ್ತು.

“ಇದ್ದೀಯೇನೋ?” ಎಂದಳು ತಂಗಿ, ಗಾಬರಿಯಾಗಿ. ಈ ಪ್ರಶ್ನೆಯನ್ನು ಅವನಿಗೆ ಯಾರಾದರೂ ಕೇಳಿದ್ದು ಅದೇ ಮೊದಲು.

“ಇದ್ದೀನಿ. ನೀನು ಅಂಗಡಿ ಬಿಟ್ಟು ಬರ್ತೀಯಾ? ನಿನ್ನ ಸೀಟಲ್ಲಿ ಕೂತ್ಕೋಬೇಕು.”

“ಯಾಕೆ?”

“ಪರದೆ ಇದೆಯೋ ಇಲ್ವೋ ಇಲ್ಲಿಂದ ನಂಗೆ ಕಾಣಲ್ಲ. ಮೆಟ್ಟಿಲು ಹತ್ತೋಕೆ ಆಗ್ತಿಲ್ಲ ಕಣೇ.”

ಬಂದಳು. ಬೈಯುತ್ತಲೇ ಬಂದಳು. ಅಷ್ಟರಲ್ಲಿ ಅವನು ಡಬ್ಬಿ ಇಳಿಸಿ, ಪೆಟ್ಟಿಗೆಯ ನೆತ್ತಿಯ ಮೇಲಿನ ಎಣ್ಣೆಯ ಕಲೆಯನ್ನು ಅಂಗಿಯ ತೋಳಿನಲ್ಲಿ ಒರೆಸಿ, ಅದನ್ನು ಮತ್ತೆ ಕಪಾಟಿಗೆ ಏರಿಸಿ ತಂತಿ ಸಿಕ್ಕಿಸಿದ. ಅದು ಮುದುಕನ ಹಾಗೆ ಕೆಮ್ಮಿ, ಗೊರ್ರೆಂದು ಗಾಳಿ ತಿರುಗಿಸಿ, ಎರಡು ಹಸಿರು ದೀಪ ಹಚ್ಚಿತು. ತಂಗಿ ಖಾಲಿ ಮಳಿಗೆಯ ಕೊನೆಯ ಸಾಲಿನಲ್ಲಿ, ಫೋನು ಕಿವಿಗೆ ಹಿಡಿದು ಕೂತಳು.

“ಇದ್ದೀಯಾ?” ಎರಡು ನಿಮಿಷ.

“ಇದ್ದೀನಿ. ಅದೂ ಇದೆ.”

ನಾಲ್ಕು ನಿಮಿಷ. ನಾಲ್ಕು ಹದಿನೈದು. ನಾಲ್ಕು ಇಪ್ಪತ್ತು. ನಾಲ್ಕು ಇಪ್ಪತ್ತೈದು.

“ಇದ್ದೀಯಾ?”

“ಎಲ್ಲಾ ಇದೆ ಕಣೋ. ಹನ್ನೆರಡು ಸಾಲೂ ಇದೆ. ಇನ್ನೂ ಎಷ್ಟು ಹೊತ್ತು ಕೂತಿರ್ಬೇಕು?”

ಒಂದು ಗಂಟೆ ಕೂರಿಸಿದ. ಅವಳೂ ಎದ್ದು ಹೋಗಲಿಲ್ಲ. ಆ ಒಂದು ಗಂಟೆಯಲ್ಲಿ ಪರದೆಯ ಮಾತು ಐದು ನಿಮಿಷಕ್ಕೆ ಮುಗಿದಿತ್ತು. ಉಳಿದದ್ದು ಮೂರು ತಿಂಗಳ ಬಾಕಿ ಮಾತು.

ಶನಿವಾರ ಹರಾಜು ಎರಡೂವರೆ ಗಂಟೆ ನಡೆಯಿತು. ಒಂದು ಪರದೆಯೂ ಕಣ್ಣು ಮುಚ್ಚಲಿಲ್ಲ, ತಕ್ಕಡಿ ತೂಗಿತು, ಗೇಟಿನ ಯಂತ್ರ ಮ್ಯಾನೇಜರನ್ನು ಒಂದೇ ಒತ್ತಿಗೆ ಗುರುತಿಸಿ ಗೌರವ ಸಲ್ಲಿಸಿತು. ತಂಗಿ ಮೊದಲ ಗಾಡಿ ಕಳೆದುಕೊಂಡಳು. ಒಂದನೇ ಸೀಟಿನವನು ಕೂದಲೆಳೆ ಮುಂಚೆ ಒತ್ತಿದ್ದ. “ಇದು ಮಾತ್ರ ನನ್ನ ಕೈದೇ ತಪ್ಪು” ಎಂದು ಪಕ್ಕದವಳಿಗೆ ಹೇಳಿ, ಎಷ್ಟೋ ದಿನದ ಮೇಲೆ ಸೋತು ನಕ್ಕಳು. ಎರಡನೆಯದನ್ನು ಬಿಟ್ಟಳು. ಮೂರನೆಯ ಗಾಡಿ, ಬಿಳಿ ಗುಲಾಬಿ, ತೊಟ್ಟು ಮುರಿಯದ್ದು, ಅವಳದಾಯಿತು.

ಹರಾಜು ಮುಗಿಯುವುದರೊಳಗೆ ದಂತಕಥೆ ಬಾಗಿಲು ದಾಟಿ ಬೀದಿಗೆ ಬಂದಿತ್ತು. ಮುನ್ನೂರ ನಲವತ್ತು ಪರದೆಗಳನ್ನು ಇದ್ದೀರಾ ಒಂದೊಂದಾಗಿ ಹೆಸರು ಹಿಡಿದು ಕೂಗಿ ಎಬ್ಬಿಸಿದನೆಂದು ತಕ್ಕಡಿಯವನು ಗಾಡಿ ತಳ್ಳುವವರಿಗೆ ಹೇಳುತ್ತಿದ್ದ. ಮ್ಯಾನೇಜರು ಆ ಹಳೆಯ ಪೆಟ್ಟಿಗೆಯ ಮೇಲೆ ‘ಇದ್ದೀರಾ’ ಎಂದು ದಪ್ಪಕ್ಷರದಲ್ಲಿ ಬರೆದ ಚೀಟಿ ಅಂಟಿಸಿ, ಇದನ್ನು ಯಾರೂ ಕೀಳತಕ್ಕದ್ದಲ್ಲ ಎಂದು ಕೆಳಗೆ ಸಹಿ ಹಾಕಿದರು.

“ಇಪ್ಪತ್ತೆರಡು ವರ್ಷದಿಂದ ಈ ಮನುಷ್ಯ ನಮಗೆ ಉಪಾಯ ಹೇಳ್ತಾನೇ ಇದ್ದ, ನಾವೇ ತಿಳ್ಕೊಳ್ಳಲಿಲ್ಲ” ಎಂದು ಅವರು ನಿಂತವರೆದುರು ಭಾವುಕರಾದರು.

ಭಾಷಣದ ಹೊತ್ತಿಗೆ ಇದ್ದೀರಾ ಹಿಂಬಾಗಿಲ ಬಳಿ, ಕವುಚಿ ಹಾಕಿದ ಹೂವಿನ ಬುಟ್ಟಿಯೊಂದರ ಮೇಲೆ ಮಂಡಿ ನೀವಿಕೊಳ್ಳುತ್ತಾ ಕೂತಿದ್ದ. ತಂಗಿ ಗುಲಾಬಿಯ ಕಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದು ಪಕ್ಕದ ಬುಟ್ಟಿಯ ಮೇಲೆ ಕೂತಳು.

“ಒಂದು ಕೇಳ್ಲಾ?” ಎಂದಳು. “ನಿಜ ಹೇಳ್ಬೇಕು. ಅವರೆಲ್ಲ ಏನೇನೋ ಅಂತಾರೆ. ವೇದಾಂತ ಅಂತೆ, ಉಪಾಯ ಅಂತೆ. ಅತ್ತಿಗೆ ಕೇಳಿದ್ರೆ ಯಾರೋ ನಿನ್ನ ಬಿಟ್ಟು ಹೋಗಿರ್ಬೇಕು ಅಂತಾರೆ. ಫೋನಲ್ಲಿ ಎರಡು ಮಾತಿಗೊಂದ್ಸಲ ಇದ್ದೀರಾ, ಇದ್ದೀರಾ ಅಂತ ಯಾಕೆ ಕೇಳ್ತೀಯ ನೀನು?”

ಇದ್ದೀರಾ ಇನ್ನೊಂದು ಮಂಡಿಗೆ ಕೈ ಬದಲಿಸಿದ.

“ಇಲ್ದೇ ಇದ್ರೆ ಫೋನ್ ಇಟ್ಟು ಸ್ವಲ್ಪ ಸುಮ್ನೆ ಕೂತ್ಕೋಬಹುದಲ್ಲ ಅಂತ ಕಣೇ.”